ಕೋಳಿಗೆ ಗಾಯವಾದರೆ: ಮೊದಲ ಅರ್ಧ ಗಂಟೆಯಿಂದ ಮತ್ತೆ ಗುಂಪಿಗೆ ಬಿಡುವವರೆಗೆ

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಮುಂದೆ ರೇಷ್ಮೆ ಸಾಕುವ ಹುಳುಮನೆ, ಹಿಂದೆ ಹಿಪ್ಪುನೇರಳೆ ತೋಟ, ನಡುವಿನ ಹಿತ್ತಿಲಲ್ಲಿ ಹನ್ನೆರಡೋ ಹದಿನಾಲ್ಕೋ ಕೋಳಿ. ಮೂರು ಗಿರಿರಾಜ ಬಿಟ್ಟರೆ ಮಿಕ್ಕವೆಲ್ಲ ನಾಟಿ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಬೀದಿನಾಯಿಯೊಂದು ಕೆಂಪು ಯಾಟೆಯನ್ನು (ಹೆಣ್ಣುಕೋಳಿಯನ್ನು) ಕಚ್ಚಿಕೊಂಡು ತೋಟಕ್ಕೆ ನುಗ್ಗಿತು. ನಾನು ಕೂಗಾಡಿ ಅಟ್ಟಿಸಿಕೊಂಡು ಹೋದ ಮೇಲೆ ಬಿಟ್ಟು ಓಡಿತು. ಬೆನ್ನ ಮೇಲೆ ಹೆಸರುಕಾಳಿನಷ್ಟು ಒಂದೇ ಒಂದು ತೂತು. ಇಷ್ಟೇ ತಾನೆ ಅಂದುಕೊಂಡು ಅರಿಶಿನ ಮೆತ್ತಿ ಗೂಡಿಗೆ ಬಿಟ್ಟೆ. ಎರಡು ದಿನ ಓಡಾಡಿಕೊಂಡೇ ಇತ್ತು. ನಾಲ್ಕನೇ ದಿನ ಬೆಳಗ್ಗೆ ಮೂಲೆಯಲ್ಲಿ ಮುದುರಿ ಕೂತಿತ್ತು. ಹತ್ತಿರ ಹೋದರೆ ವಾಸನೆ. ರೆಕ್ಕೆ ಎತ್ತಿದೆ. ಕಂಕುಳಲ್ಲಿ ಅಂಗೈ ಅಗಲ ಚರ್ಮ ಹರಿದು ಜೋತಾಡುತ್ತಿತ್ತು, ಒಳಗೆಲ್ಲ ಬಿಳಿ ಹುಳ. ಮಧ್ಯಾಹ್ನದ ಹೊತ್ತಿಗೆ ಸತ್ತೇಹೋಯಿತು.

ಅರಿಶಿನ ಹಚ್ಚಿದ್ದು ತಪ್ಪಲ್ಲ, ರೆಕ್ಕೆ ಎತ್ತಿ ನೋಡದೆ ಬಿಟ್ಟದ್ದು ತಪ್ಪು. ಕೋಳಿಯ ಗಾಯ ಪುಕ್ಕದ ಕೆಳಗೆ ಇರುತ್ತದೆ. ಮೇಲಿಂದ ನೋಡಿದರೆ ಕಾಣುವುದು ಅದರ ಒಂದು ಚೂರು ಮಾತ್ರ. ಜೊತೆಗೆ ಕೋಳಿ ನೋವನ್ನು ತೋರಿಸಿಕೊಳ್ಳುವ ಪ್ರಾಣಿಯೂ ಅಲ್ಲ. ಸುಸ್ತಾದದ್ದು ಗೊತ್ತಾದರೆ ಜೊತೆಯವೇ ಕುಕ್ಕುತ್ತವೆ, ಮೇಲೆ ಹದ್ದು ಕಾದಿರುತ್ತದೆ. ಹಾಗಾಗಿ ಆದಷ್ಟು ಹೊತ್ತು ಏನೂ ಆಗಿಲ್ಲದವರ ಹಾಗೆ ಮೇಯುತ್ತಿರುತ್ತದೆ. ಅದು ಮುದುರಿ ಕೂತಾಗ ನಾವು ಆಗಲೇ ಎರಡು ದಿನ ತಡವಾಗಿರುತ್ತೇವೆ.

ಮನೆಯಲ್ಲಿ ಇಟ್ಟುಕೊಂಡಿರಬೇಕಾದದ್ದು

ನಾಯಿ ಬಂದು ಹೋದ ಮೇಲೆ ಪೇಟೆಗೆ ಓಡಿದರೆ ಆಗಲ್ಲ. ಒಂದು ಹಳೇ ಬಿಸ್ಕತ್ ಡಬ್ಬಿಯಲ್ಲಿ ಇಷ್ಟು ಇರಲಿ: ಬೆಟಾಡಿನ್ ದ್ರಾವಣದ ಒಂದು ಬಾಟಲಿ, 20 ಎಂಎಲ್ ಸಿರಿಂಜ್ ಎರಡು (ಸೂಜಿ ಬೇಡ), ಗಾಜ್ ಬಟ್ಟೆ, ಕ್ರೇಪ್ ಬ್ಯಾಂಡೇಜ್, ಮೊನೆ ಮೊಂಡಾದ ಸಣ್ಣ ಕತ್ತರಿ, ಚಿಮಟ, ಓಆರ್‌ಎಸ್ ಪೊಟ್ಟಣ, ಜೋಳದ ಹಿಟ್ಟು. ಜೋಳದ ಹಿಟ್ಟು ಅಂದರೆ ರೊಟ್ಟಿಯದ್ದಲ್ಲ, ಗೋಬಿ ಮಂಚೂರಿಗೆ ಹಾಕುವ ಬಿಳಿ ಕಾರ್ನ್‌ಫ್ಲೋರ್. ಒಂದು ಹಳೇ ಟವೆಲ್, ಒಂದು ದೊಡ್ಡ ರಟ್ಟಿನ ಡಬ್ಬ. ಅಷ್ಟೇ.

ಹಿಡಿಯುವುದು

ಅಟ್ಟಾಡಿಸಿ ಹಿಡಿಯಬೇಡಿ. ಗಾಬರಿಯಾದ ಕೋಳಿ ಓಡಿದಷ್ಟೂ ರಕ್ತ ಹೋಗುತ್ತದೆ. ಮೂಲೆಗೆ ಒತ್ತರಿಸಿ ಟವೆಲ್ ಮೇಲೆ ಹಾಕಿ, ರೆಕ್ಕೆ ಎರಡೂ ಮೈಗೆ ಅಂಟುವ ಹಾಗೆ ಸುತ್ತಿಕೊಳ್ಳಿ. ತಲೆ ಮೇಲೆ ಬಟ್ಟೆ ಬಿದ್ದು ಕತ್ತಲಾದರೆ ಸುಮ್ಮನಾಗಿಬಿಡುತ್ತದೆ. ಕತ್ತಲಾದ ಮೇಲೆ ನೋಡಬಹುದಾದ ಗಾಯವಾದರೆ ಇನ್ನೂ ಸುಲಭ, ಗೂಡಿನಿಂದ ಹಣ್ಣು ಕಿತ್ತ ಹಾಗೆ ಎತ್ತಿಕೊಳ್ಳಬಹುದು.

ಎದೆಯನ್ನು ಮಾತ್ರ ಬಿಗಿಯಾಗಿ ಹಿಡಿಯಬೇಡಿ. ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸುವ ವಪೆ ನಮಗಿರುವಂತೆ ಕೋಳಿಗೆ ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೇನೇ ಉಸಿರು. ಬಿಡಬಾರದು ಅಂತ ಅಪ್ಪಿಕೊಂಡು ಉಸಿರುಗಟ್ಟಿಸಿದವರೂ ಇದ್ದಾರೆ. ತಲೆಕೆಳಗಾಗಿ ಕಾಲು ಹಿಡಿದು ತೂಗಿಸುವುದೂ ಬೇಡ, ಸಂತೆಯಲ್ಲಿ ಎಷ್ಟೇ ನೋಡಿದ್ದರೂ ಸರಿ.

ನಾಯಿ ಕಚ್ಚಿದ ಕೋಳಿಯನ್ನು ಮುಟ್ಟುವ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ರೇಬೀಸ್ ಹಾಲೂಡಿಸುವ ಪ್ರಾಣಿಗಳ ಕಾಯಿಲೆ, ಕೋಳಿಯಿಂದ ಬರುತ್ತದೆ ಅಂತ ಹೆದರಬೇಕಿಲ್ಲ. ಆದರೆ ಪುಕ್ಕದ ಮೇಲೆ ನಾಯಿಯ ಹಸಿ ಜೊಲ್ಲಿರುತ್ತದೆ. ಕೈಯಲ್ಲಿ ಗೀರಿದ್ದರೆ ಪ್ಲಾಸ್ಟಿಕ್ ಕವರ್ ಆದರೂ ತೊಟ್ಟುಕೊಳ್ಳಿ. ಬಿಡಿಸುವಾಗ ನಾಯಿ ನಿಮಗೇ ಹಲ್ಲು ತಾಗಿಸಿದ್ದರೆ ಕೋಳಿಯನ್ನು ಮನೆಯವರ ಕೈಗೆ ಕೊಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಕೋಳಿ ಆಮೇಲೆ.

ರಕ್ತ ನಿಲ್ಲಿಸುವುದು

ಒಂದೂವರೆ ಕೆಜಿ ಕೋಳಿಯ ಮೈಯಲ್ಲಿ ಇರುವ ರಕ್ತವೆಲ್ಲ ಸೇರಿದರೂ ಸುಮಾರು 100ರಿಂದ 120 ಎಂಎಲ್. ಒಂದು ಟೀ ಲೋಟ ಅಂದುಕೊಳ್ಳಿ. ಅದರಲ್ಲಿ ಎರಡು ದೊಡ್ಡ ಚಮಚ ಹೋದರೂ ದೊಡ್ಡ ವಿಷಯವೇ. ಹಾಗಾಗಿ ತೊಳೆಯುವ ಮೊದಲು ರಕ್ತ ನಿಲ್ಲಬೇಕು.

ಶುದ್ಧ ಗಾಜ್ ಬಟ್ಟೆ ಇಟ್ಟು ಬೆರಳಲ್ಲಿ ಒತ್ತಿ ಹಿಡಿಯಿರಿ. ಐದು ನಿಮಿಷ, ಗಡಿಯಾರ ನೋಡಿಕೊಂಡು. ನಡುನಡುವೆ ಎತ್ತಿ "ನಿಂತಿತಾ" ಅಂತ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಬಂದು ಮೊದಲಿಂದ ಶುರುವಾಗುತ್ತದೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಉಗುರು ಕಿತ್ತಿದ್ದರೆ, ಕೊಕ್ಕಿನ ತುದಿ ಮುರಿದಿದ್ದರೆ ಕಾರ್ನ್‌ಫ್ಲೋರ್ ಒತ್ತಿದರೆ ಸಾಕು. ಆಳದ ಗಾಯದೊಳಗೆ ಮಾತ್ರ ಯಾವ ಪುಡಿಯನ್ನೂ ತುಂಬಬೇಡಿ.

ಜುಟ್ಟು ಹರಿದರೆ ನೋಡಲು ಕೊಲೆಯಾದ ಹಾಗಿರುತ್ತದೆ. ತಲೆ ಕೊಡವಿದಾಗಲೆಲ್ಲ ಗೋಡೆಗೆಲ್ಲ ರಕ್ತ. ಹೆದರಬೇಡಿ, ಒತ್ತಿ ಹಿಡಿದರೆ ನಿಲ್ಲುತ್ತದೆ, ಬೇಗ ಮಾಯುತ್ತದೆ. ಇನ್ನೊಂದು ಮೋಸ ಮಾಡುವುದು ಹೊಸದಾಗಿ ಬರುತ್ತಿರುವ ಪುಕ್ಕ. ಬೆಳೆಯುವ ಪುಕ್ಕದ ಕಡ್ಡಿಯೊಳಗೆ ರಕ್ತ ಇರುತ್ತದೆ. ಅದು ನಡುವೆ ಮುರಿದರೆ ನಲ್ಲಿ ಬಿಟ್ಟ ಹಾಗೆ ತೊಟ್ಟಿಕ್ಕುತ್ತದೆ. ಕಾರ್ನ್‌ಫ್ಲೋರ್ ಹಾಕಿ ಒತ್ತಿಯೂ ನಿಲ್ಲದಿದ್ದರೆ ಚಿಮಟದಲ್ಲಿ ಬುಡಕ್ಕೆ ಹಿಡಿದು, ಪುಕ್ಕ ಬೆಳೆದ ದಿಕ್ಕಿಗೇ ಒಂದೇ ಸಲ ಎಳೆದು ತೆಗೆಯಬೇಕು. ಆಮೇಲೆ ಆ ತೂತನ್ನು ಒತ್ತಿ ಹಿಡಿಯಬೇಕು.

ಹುಡುಕುವುದು

ನಾನು ಕೆಂಪು ಯಾಟೆಗೆ ಮಾಡದೆ ಬಿಟ್ಟ ಕೆಲಸ ಇದೇ. ಈಗ ಎಷ್ಟೇ ಚಿಕ್ಕ ಗಾಯವಾಗಲಿ ಇಡೀ ಮೈ ನೋಡುತ್ತೇನೆ. ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಟಾರ್ಚ್ ಹಿಡಿದು ಪುಕ್ಕದ ಎದುರು ದಿಕ್ಕಿಗೆ ಊದುತ್ತಾ ಬರಬೇಕು. ಊದಿದರೆ ಪುಕ್ಕ ಬಿಡಿಸಿಕೊಂಡು ಚರ್ಮ ಕಾಣುತ್ತದೆ. ತಲೆಯಿಂದ ಶುರುಮಾಡಿ ಕತ್ತು, ಬೆನ್ನು, ಎರಡೂ ಕಂಕುಳು, ತೊಡೆಯ ಒಳಬದಿ, ಮೊಟ್ಟೆ ಇಡುವ ಜಾಗ, ಕೊನೆಗೆ ಪಾದದ ಅಡಿ. ಪುಕ್ಕ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿದ್ದರೆ ಕೆಳಗೆ ಏನೋ ಇದೆ ಅಂತಲೇ ಲೆಕ್ಕ.

ನಾಯಿಯ ಹಲ್ಲು ಸಣ್ಣ ತೂತು ಮಾಡಿ ಒಳಗಿನ ಮಾಂಸವನ್ನು ಜಜ್ಜಿರುತ್ತದೆ. ನಾಯಿ ಕಚ್ಚಿ ಅಲುಗಾಡಿಸಿದಾಗ ಚರ್ಮ ಮಾಂಸದಿಂದ ಬಿಟ್ಟಿರುತ್ತದೆ. ಒಂದು ಹಲ್ಲು ಕಂಡರೆ ಎದುರು ಬದಿಯಲ್ಲಿ ಇನ್ನೊಂದು ಇದ್ದೇ ಇರುತ್ತದೆ, ಸಿಗುವವರೆಗೆ ಹುಡುಕಿ. ಹುಂಜ ಹತ್ತುವಾಗ ಕಾಲಿನ ಮುಳ್ಳು ತಾಗಿದ್ದಾದರೆ ಬೆನ್ನಿನ ಎರಡೂ ಪಕ್ಕ, ರೆಕ್ಕೆಯ ಕೆಳಗೆ ಬ್ಲೇಡಲ್ಲಿ ಸೀಳಿದ ಹಾಗಿರುತ್ತದೆ. ನಮ್ಮ ಕಪ್ಪು ಯಾಟೆಗೆ ಹೋದ ವರ್ಷ ಹೀಗೇ ಆಯಿತು. ಹೊರಗಿಂದ ನೋಡಿದರೆ ರೆಕ್ಕೆ ಸ್ವಲ್ಪ ಜೋಲು ಬಿದ್ದಿತ್ತು, ಅಷ್ಟೇ. ಅತ್ತೆ ಟಾರ್ಚ್ ಹಿಡಿದರು, ನಾನು ಊದಿದೆ. ನಾಲ್ಕು ಬೆರಳುದ್ದ ಸೀಳು, ಒಳಗೆ ಕೆಂಪು ಮಾಂಸ ಹೊಳೆಯುತ್ತಿತ್ತು. "ಅಯ್ಯೋ, ಇದನ್ನ ಇಟ್ಕೊಂಡು ಬೆಳಗ್ಗೆಯಿಂದ ರಾಗಿ ತಿಂತಾ ಇತ್ತಲ್ಲೇ!" ಅಂದರು ಅತ್ತೆ.

ಗಾಯ ಸಿಕ್ಕಿದ ಮೇಲೆ ಅದರ ಸುತ್ತ ಒಂದು ಇಂಚು ಪುಕ್ಕ ಕತ್ತರಿಸಿ. ಕೀಳಬೇಡಿ, ಕೋಳಿಯ ಚರ್ಮ ತೆಳು, ಪುಕ್ಕದ ಜೊತೆ ಹರಿದು ಬರುತ್ತದೆ. ಕತ್ತರಿಸುವ ಮೊದಲು ಗಾಯದ ಮೇಲೆ ಒದ್ದೆ ಗಾಜ್ ಮುಚ್ಚಿಕೊಂಡರೆ ತುಂಡುಗಳು ಒಳಗೆ ಬೀಳುವುದಿಲ್ಲ.

ತೊಳೆಯುವುದು

ಗಾಯ ಮಾಯುವುದು ಅರ್ಧ ಭಾಗ ಇಲ್ಲೇ ನಿರ್ಧಾರವಾಗುತ್ತದೆ. ಒಂದು ಲೀಟರ್ ನೀರು ಕುದಿಸಿ, ಒಂದೂವರೆ ಟೀ ಚಮಚ ಪುಡಿ ಉಪ್ಪು ಹಾಕಿ, ಉಗುರುಬೆಚ್ಚಗಾಗುವವರೆಗೆ ಆರಿಸಿ. ಸುಮಾರು 9 ಗ್ರಾಂ ಉಪ್ಪು, ಆಸ್ಪತ್ರೆಯ ಸಲೈನ್ ಲೆಕ್ಕವೇ. ಜಾಸ್ತಿ ಹಾಕಿದರೆ ಉರಿಯುತ್ತದೆ, ಗುಣ ಜಾಸ್ತಿಯಾಗಲ್ಲ.

ಸಿರಿಂಜಲ್ಲಿ ಎಳೆದು ಗಾಯದ ಮೇಲೆ ಓರೆಯಾಗಿ ಬಿಡಿ. ಮಣ್ಣು, ಪುಕ್ಕದ ಚೂರು, ಕಪ್ಪು ಹೆಪ್ಪು ಎಲ್ಲ ಹರಿದು ಹೋಗುವವರೆಗೆ. ಹತ್ತು ಸಿರಿಂಜ್ ಬೇಕಾದರೂ ಸರಿ. ಕಪ್ಪು ಯಾಟೆಗೆ ನಾನು ಇಡೀ ಲೀಟರ್ ಮುಗಿಸಿದೆ, ಕೊನೆಯ ಎರಡು ಸಿರಿಂಜಿನ ನೀರು ತಿಳಿಯಾಗಿ ಬಂತು. ಆಮೇಲೆ ಹತ್ತು ಪಾಲು ನೀರಿಗೆ ಒಂದು ಪಾಲು ಬೆಟಾಡಿನ್ ಬೆರೆಸಿ, ಹಾಲಿಲ್ಲದ ತೆಳು ಟೀ ಬಣ್ಣಕ್ಕೆ ಬಂದಾಗ, ಒಂದು ಸಲ ಹರಿಸಿ.

ಒಂದು ಎಚ್ಚರ. ಕೋಳಿಯ ಮೈಯೊಳಗೆ ಶ್ವಾಸಕೋಶದಿಂದ ಗಾಳಿಚೀಲಗಳು ಹೊಟ್ಟೆಯವರೆಗೂ ಹರಡಿರುತ್ತವೆ. ಬೆನ್ನಲ್ಲೋ ಪಕ್ಕೆಯಲ್ಲೋ ಆಳವಾದ ತೂತಿದ್ದು ಉಸಿರಾಡಿದಾಗ ಅಲ್ಲಿ ಗುಳ್ಳೆ ಬರುತ್ತಿದ್ದರೆ ನೀರು ಬಿಡಲೇಬೇಡಿ, ಅದು ಮುಳುಗಿಸಿದ ಹಾಗೆ. ಒದ್ದೆ ಗಾಜ್ ಮುಚ್ಚಿ ಡಾಕ್ಟರ ಹತ್ತಿರ ಹೊರಡಿ.

ಹಚ್ಚಬಾರದ್ದು

ಊರಲ್ಲಿ ಗಾಯಕ್ಕೆ ಹಾಕದೆ ಬಿಟ್ಟ ವಸ್ತುವೇ ಇಲ್ಲ. ಸುಣ್ಣ, ಒಲೆ ಬೂದಿ, ಕಾಫಿಪುಡಿ, ಸೀಮೆಎಣ್ಣೆ, ನುಸಿಗುಳಿಗೆ ಪುಡಿ. ಇದ್ಯಾವುದೂ ಬೇಡ. ಸುಣ್ಣ ಮಾಂಸವನ್ನು ಸುಡುತ್ತದೆ. ಸೀಮೆಎಣ್ಣೆ, ನುಸಿಗುಳಿಗೆ ಚರ್ಮದ ಮೂಲಕ ಒಳಗೆ ಹೋಗುತ್ತವೆ, ಕೋಳಿ ಕೊಕ್ಕಲ್ಲಿ ತಿಕ್ಕಿ ನುಂಗಿಯೂ ನುಂಗುತ್ತದೆ. ಹಸು ತಡೆದುಕೊಳ್ಳುವುದನ್ನೆಲ್ಲ ಒಂದೂವರೆ ಕೆಜಿ ಕೋಳಿ ತಡೆದುಕೊಳ್ಳಲ್ಲ. ನಮ್ಮ ಕಡೆಯವರಿಗೆ ಒಂದು ಮಾತು ಹೆಚ್ಚು: ಹುಳುಮನೆ ತೊಳೆಯುವ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಕೈಗೆ ಸಿಗುತ್ತದೆ ಅಂತ ಗಾಯಕ್ಕೆ ತರಬೇಡಿ. ಡೆಟಾಲ್, ಸ್ಪಿರಿಟ್ ನೇರವಾಗಿ ಸುರಿಯುವುದೂ ಹಾಗೇ, ಹೊಸ ಮಾಂಸ ಸುಟ್ಟುಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ನೋಡಲು ಖುಷಿ, ದಿನಾ ಹಾಕಿದರೆ ಗಾಯ ಕೂಡುವುದೇ ಇಲ್ಲ. ಹಳೇ ನೀಲಿ ಔಷಧಿ, ಜೆನ್ಷಿಯನ್ ವಯೊಲೆಟ್, ಕೆಂಪು ಮರೆಮಾಡುತ್ತದೆ ಅಂತ ಹಚ್ಚುವವರಿದ್ದಾರೆ. ನಾವು ಮೊಟ್ಟೆ ಮಾಂಸಕ್ಕೆ ಸಾಕುವ ಕೋಳಿಗೆ ನಾನು ಹಚ್ಚುವುದಿಲ್ಲ.

ಅರಿಶಿನ? ಹಚ್ಚಬಹುದು. ತೊಳೆದ ಮೇಲೆ, ಮೇಲ್ಮೈ ಗಾಯಕ್ಕೆ, ತೆಳುವಾಗಿ. ಆದರೆ ತೊಳೆಯುವ ಬದಲು ಅರಿಶಿನ ಅಂದರೆ ಕೊಳೆಯ ಮೇಲೆ ಬಣ್ಣ ಬಳಿದ ಹಾಗೆ. ದಪ್ಪಗೆ ಮೆತ್ತಿದ ಅರಿಶಿನ ಒಣಗಿ ಚಕ್ಕೆ ಕಟ್ಟಿ, ಕೆಳಗೆ ಏನಾಗುತ್ತಿದೆ ಅಂತ ಕಾಣದಂತೆ ಮಾಡುತ್ತದೆ. ಬೇವಿನೆಣ್ಣೆಯನ್ನು ಗಾಯದ ಒಳಗಲ್ಲ, ಸುತ್ತಲಿನ ಪುಕ್ಕಕ್ಕೆ ಸವರಿ, ನೊಣ ದೂರ ಇರುತ್ತದೆ.

ಮೈಮೇಲಿನ ಗಾಯಕ್ಕೆ ಕಟ್ಟು ಕಟ್ಟುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ನಾಯಿ ಕಚ್ಚಿದ ತೂತನ್ನು ಅಂಟು ಹಾಕಿ ಮುಚ್ಚುವುದಂತೂ ಬೇಡ, ಒಳಗೆ ಕೀವಾಗುತ್ತದೆ. ಹೊಲಿಗೆ ಬೇಕೆನಿಸಿದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಮಾರನೆಯ ದಿನ ಹೋದರೆ ಅವರೂ ತೆರೆದೇ ಬಿಡಿ ಅನ್ನುತ್ತಾರೆ.

ಬೆಚ್ಚಗೆ, ಒಂಟಿಯಾಗಿ

ರಕ್ತದ ಕೆಂಪು ಕಂಡರೆ ಮಿಕ್ಕ ಕೋಳಿಗಳು ಬಿಡುವುದಿಲ್ಲ. ಅಕ್ಕತಂಗಿಯರ ಹಾಗಿದ್ದವೇ ಬಂದು ಮಾಂಸ ಕಿತ್ತು ತಿನ್ನುತ್ತವೆ. ಹಾಗಾಗಿ ಗಾಯದ ಕೋಳಿ ಬೇರೆಯೇ ಇರಬೇಕು. ರಟ್ಟಿನ ಡಬ್ಬಕ್ಕೆ ಗಾಳಿಗೆ ತೂತು ಮಾಡಿ, ತಳಕ್ಕೆ ಹಳೇ ಬಟ್ಟೆ ಹಾಕಿ. ಭತ್ತದ ಹೊಟ್ಟು, ಮರದ ಪುಡಿ ಬೇಡ, ಗಾಯಕ್ಕೆ ಅಂಟುತ್ತದೆ. ಕಿಟಕಿಗೆ ಸೊಳ್ಳೆಪರದೆ ಇರುವ ಕೋಣೆಯಾದರೆ ನೊಣದ ಕಾಟ ತಪ್ಪುತ್ತದೆ.

ಮೊದಲ ರಾತ್ರಿ ಸಾಯುವುದು ಹೆಚ್ಚಾಗಿ ಗಾಬರಿಗೆ, ಚಳಿಗೆ. ಡಿಸೆಂಬರ್ ಜನವರಿಯಲ್ಲಿ ನಂದಿಬೆಟ್ಟದ ಕಡೆಯಿಂದ ಬರುವ ಗಾಳಿ ಗೊತ್ತಲ್ಲ. ಡಬ್ಬದ ಒಂದು ಬದಿಗೆ ಮಾತ್ರ 60 ವ್ಯಾಟ್‌ನ ಹಳೇ ಬಲ್ಬ್, ರಟ್ಟಿಗೂ ಬಟ್ಟೆಗೂ ತಾಗದ ಹಾಗೆ. ಬೇಕಾದರೆ ಹತ್ತಿರ ಬರಲಿ, ಬಿಸಿಯಾದರೆ ದೂರ ಹೋಗಲಿ. ಮುಟ್ಟಿದಾಗ ಕೋಳಿ ಬಿಸಿಯಿದೆ ಅಂತ ಜ್ವರದ ಮಾತ್ರೆ ಹಾಕಬೇಡಿ, ಅದರ ಮಾಮೂಲಿ ಮೈಬಿಸಿಯೇ ಸುಮಾರು 41 ಡಿಗ್ರಿ.

ನೀರಿಗೆ ಓಆರ್‌ಎಸ್ ಕಲಸಿ ಮುಂದೆ ಇಡಿ. ಬಾಯಿ ಬಿಡಿಸಿ ಸುರಿಯಬೇಡಿ. ನಾಲಗೆಯ ಬುಡದಲ್ಲೇ ಉಸಿರಿನ ದಾರಿ ತೆರೆದುಕೊಳ್ಳುವುದರಿಂದ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ, ಅದೇ ಚಪ್ಪರಿಸಿಕೊಳ್ಳುತ್ತದೆ. ಮಾರನೆಯ ದಿನದಿಂದ ಬೇಯಿಸಿದ ಮೊಟ್ಟೆ ಪುಡಿಮಾಡಿ ಕೊಡಿ. ಕೋಳಿಗೆ ಮೊಟ್ಟೆಯಾ ಅಂತ ನಗಬೇಡಿ, ಮಾಂಸ ಕೂಡಲು ಪ್ರೋಟೀನ್ ಬೇಕು. ನಮ್ಮೂರ ಕಡೆ ನೂಲು ಬಿಚ್ಚುವವರ ಹತ್ತಿರ ರೇಷ್ಮೆ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳ, ಸಿಗುತ್ತದೆ, ಒಣಗಿಸಿದ್ದು ಒಂದು ಹಿಡಿ ಸಾಕು. ಜಾಸ್ತಿ ಹಾಕಿದರೆ ಮೊಟ್ಟೆಯೂ ನೂಲು ಬಿಚ್ಚುವ ಫಿಲೇಚರ್‌ನ ವಾಸನೆ ಹೊಡೆಯುತ್ತದೆ.

ಹುಳ ಬಿದ್ದರೆ

ನಮ್ಮ ಊರಲ್ಲಿ ಹುಳು ಅಂದರೆ ಅನ್ನ. ಗಾಯದಲ್ಲಿ ಬಿದ್ದದ್ದು ಬೇರೆ. ನೊಣ ಮೊಟ್ಟೆಯಿಟ್ಟರೆ ಸೆಕೆಗಾಲದಲ್ಲಿ ಒಂದೇ ದಿನದಲ್ಲಿ ಹುಳ ಆಗುತ್ತದೆ. ಪುಕ್ಕದ ಬುಡದಲ್ಲಿ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಗುಪ್ಪೆ ಕಂಡರೆ ಅದೇ ಮೊಟ್ಟೆ, ಆಗಲೇ ಪುಕ್ಕದ ಸಮೇತ ಕತ್ತರಿಸಿ ತೆಗೆಯಿರಿ.

ಹುಳ ಕಂಡಾಗ ಪಕ್ಕದ ಮನೆ ಅಜ್ಜಿ "ಸೀಮೆಎಣ್ಣೆ ಬಿಡಮ್ಮ, ಎಲ್ಲಾ ಉದುರೋಗ್ತವೆ" ಅಂತ ಬಂದೇ ಬರುತ್ತಾರೆ. ಉದುರುವುದು ನಿಜ, ಕೋಳಿಯೂ ಉದುರಬಹುದು. ಉಗುರುಬೆಚ್ಚನೆ ಉಪ್ಪುನೀರು ರಭಸವಾಗಿ ಬಿಟ್ಟು, ಒಳಗಿಂದ ಹೊರಗೆ ಬಂದವನ್ನು ಚಿಮಟದಲ್ಲಿ ಒಂದೊಂದಾಗಿ ತೆಗೆಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನಷ್ಟು ತಲೆಯೆತ್ತಿರುತ್ತವೆ. ಸಂಜೆ ಮತ್ತೊಮ್ಮೆ, ಬೆಳಗ್ಗೆ ಮತ್ತೊಮ್ಮೆ. ಎರಡು ದಿನ ಒಂದೂ ಸಿಗದಿದ್ದರೆ ಮುಗಿಯಿತು. ಹುಳ ಹೊಟ್ಟೆಯೊಳಕ್ಕೆ ದಾರಿ ಮಾಡಿಕೊಂಡಿದ್ದರೆ ಮನೆಯಲ್ಲಿ ಆಗುವ ಕೆಲಸವಲ್ಲ.

ದಿನಾ ಏನು ನೋಡಬೇಕು

ದಿನಕ್ಕೆ ಒಂದು ಸಲ ತೊಳೆಯಿರಿ, ಮೂರು ನಾಲ್ಕು ದಿನ. ಆಮೇಲೆ ಗಾಯ ಸ್ವಚ್ಛವಾಗಿದ್ದರೆ ಕೈ ಹಚ್ಚಬೇಡಿ. ಎರಡು ಮೂರು ದಿನಕ್ಕೆ ಗಾಯದ ಸುತ್ತ ಚರ್ಮ ಹಸಿರಾದರೆ ಕೊಳೆಯಿತು ಅಂತ ಗಾಬರಿಬೀಳಬೇಡಿ. ನಮಗೆ ಪೆಟ್ಟು ಬಿದ್ದ ಜಾಗ ನೀಲಿಯಾಗಿ ಹಳದಿಯಾಗುತ್ತದಲ್ಲ, ಕೋಳಿಗೆ ಅದೇ ಹಸಿರಾಗುತ್ತದೆ. ನಾನು ಮೊದಲ ಸಲ ಇದನ್ನು ನೋಡಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ. ಕೊಳೆತದ್ದು ಕಪ್ಪಗೆ ತಣ್ಣಗಿರುತ್ತದೆ, ವಾಸನೆ ಬರುತ್ತದೆ. ಮೂಗನ್ನು ನಂಬಿ.

ಕೋಳಿಯ ಕೀವು ನೀರಾಗಿರುವುದಿಲ್ಲ. ಗಟ್ಟಿ ಪನ್ನೀರ್ ಚೂರಿನ ಹಾಗಿರುತ್ತದೆ. ಹಾಗಾಗಿ ಹಿಚುಕಿದರೆ ಹೊರಗೆ ಬರಲ್ಲ, ಹಿಚುಕಲೂಬೇಡಿ. ಹಿಕ್ಕೆ ನೋಡಿ: ಕಡು ಹಸಿರು ನೀರಾಗಿದ್ದರೆ ಹೆಚ್ಚಾಗಿ ಏನೂ ತಿಂದಿಲ್ಲ ಅಂತ ಅರ್ಥ. ತರಕಾರಿ ತೂಗುವ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ, ಪುಕ್ಕದ ಮರೆಯಲ್ಲಿ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ.

ಕಾಲಿನ ಗಾಯ

ಹಿಪ್ಪುನೇರಳೆ ಕಡ್ಡಿ ಕೊಯ್ದ ಮೇಲೆ ಉಳಿಯುವ ಕೂಳೆ ಚಾಕುವಿನ ಮೊನೆಯೇ. ಅದು ಚುಚ್ಚಿಯೋ, ಎತ್ತರದಿಂದ ಜಲ್ಲಿಕಲ್ಲಿನ ಮೇಲೆ ಹಾರಿಯೋ ಪಾದದ ಅಡಿಯಲ್ಲಿ ಗಾಯವಾಗಿ, ಆಮೇಲೆ ಆಣಿಯ ಹಾಗೆ ಕಪ್ಪು ಚಕ್ಕೆ ಕಟ್ಟಿ ಊದಿಕೊಳ್ಳುತ್ತದೆ. ಮೈಭಾರದ ಗಿರಿರಾಜಕ್ಕೆ ಇದು ಜಾಸ್ತಿ. ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ) ಹಾಕಿದ ಬೆಚ್ಚನೆ ನೀರಲ್ಲಿ ದಿನಾ ಹತ್ತು ಹದಿನೈದು ನಿಮಿಷ ಪಾದ ನೆನೆಸಿ, ಒರೆಸಿ, ಬೆಟಾಡಿನ್ ಮುಲಾಮು ಹಚ್ಚಿ, ಗಾಜ್ ಇಟ್ಟು ಬೆರಳುಗಳ ನಡುವಿಂದ ಕ್ರೇಪ್ ಬ್ಯಾಂಡೇಜ್ ಸುತ್ತಿ. ಬೆರಳು ಊದಿದರೆ, ತಣ್ಣಗಾದರೆ ಬಿಗಿ ಜಾಸ್ತಿಯಾಗಿದೆ. ಬ್ಲೇಡ್ ಹಿಡಿದು ನೀವೇ ಕೊಯ್ಯಲು ಹೋಗಬೇಡಿ.

ಮುರಿದ ಕಾಲು ಮಂಡಿಗಿಂತ ಕೆಳಗಿದ್ದು ಚರ್ಮ ಹರಿಯದಿದ್ದರೆ, ಹತ್ತಿ ಸುತ್ತಿ ಐಸ್‌ಕ್ರೀಮ್ ಕಡ್ಡಿ ಇಟ್ಟು ಕಟ್ಟಿದರೆ ಮೂರು ವಾರದಲ್ಲಿ ಕೂಡುತ್ತದೆ. ತೊಡೆಮೂಳೆಯಾದರೆ ಡಾಕ್ಟರೇ ನೋಡಬೇಕು.

ಡಾಕ್ಟರ ಹತ್ತಿರ ಯಾವಾಗ

ಮೂಳೆಯೋ ಕರುಳೋ ಕಂಡರೆ. ಗಾಯದಿಂದ ಗಾಳಿ ಬಂದರೆ. ಕುಡಿದ ನೀರು ಕತ್ತಿನ ಕೆಳಗಿನ ಕಾಳಿನ ಚೀಲದಿಂದ ಸೋರಿದರೆ. ಕಣ್ಣಿಗೆ ಪೆಟ್ಟಾದರೆ. ಒಂದು ದಿನ ಕಳೆದರೂ ತಿನ್ನದಿದ್ದರೆ. ಆಳವಾದ ನಾಯಿಕಡಿತವಾದರೆ ಕಾಯುವುದೇ ಬೇಡ. ತಾಲ್ಲೂಕು ಪಶು ಆಸ್ಪತ್ರೆಗೆ ಕೋಳಿ ತಂದರೆ ನಗುತ್ತಾರೆ ಅನ್ನುವ ಸಂಕೋಚ ಬಿಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿಯೂ ಕೇಳಬಹುದು. ಆ್ಯಂಟಿಬಯೋಟಿಕ್, ನೋವಿನ ಔಷಧಿ ಯಾವುದು, ಎಷ್ಟು ಅಂತ ಅವರೇ ಹೇಳಲಿ, ಮನೆಯಲ್ಲಿ ಮಿಕ್ಕ ಮಾತ್ರೆ ಪುಡಿಮಾಡಿ ಹಾಕಬೇಡಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿ ಗೋಡೆ ಕ್ಯಾಲೆಂಡರಲ್ಲಿ ಗುರುತು ಹಾಕಿ. ಉಳಿಯುವುದಿಲ್ಲ ಅಂತ ಅವರು ಹೇಳಿದರೆ ನರಳಿಸದೆ ಮುಗಿಸಿ, ಔಷಧಿ ಕೊಟ್ಟಾಗಿದ್ದರೆ ಸಾರಿಗೆ ಹಾಕಬೇಡಿ.

ಎಲ್ಲ ಚಕ್ಕೆಯೂ ಗಾಯವಲ್ಲ. ಜುಟ್ಟಿನ ಮೇಲೆ, ಮುಖದ ಮೇಲೆ ನರುಳ್ಳೆಯಂಥ ಒಣ ಗಂಟುಗಳು ಎದ್ದರೆ ಅದು ಸೊಳ್ಳೆಯಿಂದ ಹರಡುವ ಕೋಳಿಸಿಡುಬು, ಕೀಳಬೇಡಿ. ಜುಟ್ಟು ನೇರಳೆಯಾಗಿ, ಮುಖ ಊದಿ, ಒಂದರ ಹಿಂದೆ ಒಂದು ಸಾಯತೊಡಗಿದರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. 2025ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂದದ್ದು ನಮಗೆಲ್ಲ ನೆನಪಿದೆಯಲ್ಲ.

ಮತ್ತೆ ಗುಂಪಿಗೆ

ಗಾಯದ ಮೇಲೆ ಚರ್ಮ ಮುಚ್ಚಿ, ಕೆಂಪು ಒಂದು ಚೂರೂ ಕಾಣದ ಮೇಲೇ ಬಿಡಬೇಕು. ಸೀಳು ಗಾಯಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟು ದಿನ ಕಾಣದಿದ್ದ ಕೋಳಿಯನ್ನು ಮಿಕ್ಕವು ಹೊಸಬಳು ಅಂತಲೇ ಕುಕ್ಕುತ್ತವೆ. ಮೊದಲು ಮೂರು ನಾಲ್ಕು ದಿನ ಹಗಲಲ್ಲಿ ಹಿತ್ತಿಲಲ್ಲೇ ಮಂಕರಿ ಮುಚ್ಚಿ ಇಡಿ, ಒಬ್ಬರಿಗೊಬ್ಬರು ಕಾಣಲಿ. ಆಮೇಲೆ ಒಂದು ರಾತ್ರಿ ಕತ್ತಲಲ್ಲಿ ಗೂಡಿಗೆ ಸೇರಿಸಿ. ಬೆಳಗ್ಗೆ ಎರಡು ಕಡೆ ಕಾಳು ಚೆಲ್ಲಿ, ಒಂದೇ ಕಡೆ ಜಗಳ ಬೇಡ.

ಹುಂಜದಿಂದ ಆದ ಗಾಯವಾದರೆ ಮೊದಲು ಹುಂಜದ ಕಾಲಿನ ಮುಳ್ಳಿನ ಮೊನೆಯನ್ನು ಅರದಲ್ಲಿ ಉಜ್ಜಿ ಮೊಂಡು ಮಾಡಿ. ತುದಿ ಮಾತ್ರ, ಒಳಗೆ ಜೀವ ಇರುತ್ತದೆ. ನಮ್ಮಲ್ಲಿ ಹನ್ನೊಂದು ಯಾಟೆಗೆ ಮೂರು ಹುಂಜ ಇದ್ದವು, ಎರಡನ್ನು ಮಾರಿದೆವು.

ಕಪ್ಪು ಯಾಟೆಯನ್ನು ಗುಂಪಿಗೆ ಬಿಟ್ಟದ್ದು ಹತ್ತೊಂಬತ್ತನೇ ದಿನ. ಮೊಟ್ಟೆ ಶುರುಮಾಡಲು ಇನ್ನೂ ಒಂದೂವರೆ ತಿಂಗಳು ತೆಗೆದುಕೊಂಡಿತು. ಕತ್ತರಿಸಿದ ಪುಕ್ಕ ಮುಂದಿನ ಸಲ ಪುಕ್ಕ ಉದುರಿಸುವವರೆಗೆ ಬರುವುದಿಲ್ಲವಾದ್ದರಿಂದ ಕಂಕುಳಲ್ಲಿ ತಿಂಗಳುಗಟ್ಟಲೆ ಬೋಳಾಗಿಯೇ ಇತ್ತು. ರೆಕ್ಕೆ ಎತ್ತಿ ನೋಡಿದಾಗೆಲ್ಲ ನನ್ನ ಕೈಗೆ ಒಂದು ಸಲ ಕುಕ್ಕುತ್ತಿತ್ತು.